ಜಗಳಕ್ಕೆಂದು ಡಾಬಕಾಕ್ಕೆ

ಈವರೆಗೆ ನಾನು ಬರೆದ ಪ್ರವಾಸಗಳೆಲ್ಲ ಏನನ್ನಾದರೂ ನೋಡಲು ಹೋದವು. ಇದು ಜಗಳಾಡಲು ಹೋದದ್ದು. ಶನಿವಾರ ಬೆಳಿಗ್ಗೆ ಬೀದರ್ ನಿಲ್ದಾಣದಲ್ಲಿ ಭಾಲ್ಕಿ ಬಸ್ಸು ಹತ್ತಿದಾಗ ಚೀಲದಲ್ಲಿ ಒಂದು ಸೀರೆ, ಒಂದು ಶಾಲು, ಜೋಳದ ರೊಟ್ಟಿ, ಸೇಂಗಾ ಹಿಂಡಿ ಇದ್ದವು. ಹೊಟ್ಟೆಯಲ್ಲಿ ಬೆಂಕಿ ಇತ್ತು. ಕಂಡಕ್ಟರ್ ಆಧಾರ್ ಕಾರ್ಡು ನೋಡಿ ಹೆಂಗಸರ ಉಚಿತ ಟಿಕೆಟ್ ಕೊಟ್ಟ. "ಥಂಡಿ ಭಾಳ ಅದರಿ, ಕಿಡಕಿ ಹಾಕ್ಕೋರಿ," ಅಂದ. ನನಗೆ ಚಳಿ ತಾಗಿಯೇ ಇರಲಿಲ್ಲ.

ಕಾರಣ ಹೇಳುತ್ತೇನೆ. ಔರಾದ್ ತಾಲ್ಲೂಕಿನ ಡಾಬಕಾದಲ್ಲಿ ನನ್ನ ತಂಗಿ ಸುವಾರ್ತಾ ಇದ್ದಾಳೆ. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಒಬ್ಬಳೇ ಮಗಳು ಕರುಣಾ. ಅವಳಿಗೆ ಚಿಕ್ಕಂದಿನಿಂದ ಮೂರ್ಛೆ ರೋಗ. ಬೀದರಿನ ಡಾಕ್ಟರು ಕೊಟ್ಟ ಗುಳಿಗೆಯಿಂದ ಅದು ಹತೋಟಿಗೆ ಬಂದಿತ್ತು, ಪೂರ್ತಿ ಹೋಗಿರಲಿಲ್ಲ. ಮಳೆಗಾಲದಲ್ಲಿ ತಾಯಿ ಮಗಳು ಭಾಲ್ಕಿಯಲ್ಲಿ ಒಬ್ಬ ಬೋಧಕರ ಸ್ವಸ್ಥತಾ ಕೂಟಕ್ಕೆ ಹೋದರು. ಅವರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಕರುಣಾ ಮೈಕು ಹಿಡಿದು, ನಾನು ಗುಣವಾದೆ ಎಂದು ಸಾಕ್ಷಿ ಹೇಳಿದಳು.

ನಮ್ಮ ಕ್ರೈಸ್ತರಲ್ಲಿ ಸಾಕ್ಷಿ ಎಂದರೆ ಕೋರ್ಟಿನದಲ್ಲ. ದೇವರು ತನಗೆ ಮಾಡಿದ ಉಪಕಾರವನ್ನು ಸಭೆಯ ನಡುವೆ ಎದ್ದು ನಿಂತು ಹೇಳುವುದು. ಹೇಳಿದ ಮೇಲೆ ಅದನ್ನು ಹಿಂದಕ್ಕೆ ಪಡೆಯುವ ರೂಢಿ ಇಲ್ಲ. ಅಂದಿನಿಂದ ಗುಳಿಗೆ ನಿಂತಿತು. ಮೊನ್ನೆ ಕರುಣಾ ಪಕ್ಕದ ಮನೆಯ ಫೋನಿನಿಂದ ಮಾತಾಡಿದಳು: "ದೊಡ್ಡವ್ವ, ಮತ್ತ ಬೀಳ್ಳಿಕತ್ತೀನ್ರಿ. ರೊಟ್ಟಿ ಹಂಚಿನ ಮ್ಯಾಲ ಬಿದ್ದು ಕೈ ಸುಟ್ಟದ. ಯಾರಿಗೂ ಹೇಳಬ್ಯಾಡ ಅಂದಾಳ ಅವ್ವ." ಅವಳನ್ನು ಸೋಮವಾರ ಡಾಕ್ಟರ ಮುಂದೆ ಕೂಡಿಸಲೇಬೇಕೆಂದು ಹೊರಟೆ. ಈ ಸಲ ಬೆಂಕಿಯಲ್ಲಿ ಬಿದ್ದವಳು ಮುಂದಿನ ಸಲ ಬಾವಿಯಲ್ಲಿ ಬಿದ್ದರೆ?

ಭಾಲ್ಕಿಗೆ ಹೋಗುವ ದಾರಿಯಲ್ಲಿ ಸೋಯಾ ಕೊಯ್ದ ಹೊಲಗಳ ಪಕ್ಕ ತೊಗರಿ ಹಳದಿ ಹೂ ಬಿಟ್ಟಿತ್ತಂತೆ; ಪಕ್ಕದವರು ತೋರಿಸಿದರು, ನಾನು ಹೂಂ ಅಂದೆ. ಬೋಧಕರಿಗೆ ಹೇಳಬೇಕಾದ ಮಾತುಗಳನ್ನು ಒಂದೊಂದಾಗಿ ಸಾಣೆ ಹಿಡಿಯುತ್ತಿದ್ದೆ. ಅವರ ಮನೆ ಸಿಕ್ಕುವುದು ಕಷ್ಟವಾಗಲಿಲ್ಲ. ತಗಡಿನ ಪತ್ರಾ ಹೊದಿಸಿದ ದೊಡ್ಡ ಹಾಲ್, ಆಳೆತ್ತರದ ಸ್ಪೀಕರುಗಳು, ಅದಕ್ಕೆ ಹೊಂದಿಕೊಂಡೇ ಮನೆ. ಒಳ್ಳೆಯ ಮಾತಿನ ಮನುಷ್ಯ. ಕುರ್ಚಿ ಹಾಕಿಸಿದರು, ಚಾ ತರಿಸಿದರು. ನಾನು ಸುಟ್ಟ ಕೈಯ ವಿಷಯ ಹೇಳಿದೆ.

"ಗುಳಿಗಿ ಬಿಡು ಅಂತ ನಾ ಹೇಳಿಲ್ರಿ ಅಕ್ಕೋರೆ," ಅಂದರು. "ದೇವರು ಮುಟ್ಟ್ಯಾನ ಅಂತ ಅಷ್ಟಾ ಹೇಳೀನಿ. ಮತ್ತ ಬಂದದ ಅಂದ್ರ ಮನ್ಯಾಗ ಎಲ್ಲೋ ನಂಬಿಕಿ ಕಡಿಮಿ ಬಿದ್ದದ."

ಅಷ್ಟರಲ್ಲಿ ಚಾ ಬಂತು. ಅವರ ಕಪ್ಪು ಬೇರೆ ಬಂತು, ಸಕ್ಕರೆ ಇಲ್ಲದ್ದು. ಜೇಬಿನಿಂದ ಒಂದು ಮಾತ್ರೆ ತೆಗೆದು ಬಾಯಿಗೆ ಹಾಕಿಕೊಂಡು ಚಾದ ಜೊತೆ ನುಂಗಿದರು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅನ್ನುವ ಗಾದೆಯನ್ನು ಕಣ್ಣಾರೆ ಕಂಡದ್ದು ಅಂದೇ.

"ನಿಮಗ ಸಕ್ಕರಿ ಕಾಯಿಲಿ ಏನ್ರಿ?" ಅಂದೆ.

"ಹೌದ್ರಿ, ಐದಾರು ವರ್ಷಾತು."

"ನಿಮ್ಮ ಮನ್ಯಾಗ ಯಾರ ನಂಬಿಕಿ ಕಡಿಮಿ ಬಿದ್ದದ್ರಿ?"

ಅವರು ನಕ್ಕರು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. "ನಿಮಗಾಗಿ ಪ್ರಾರ್ಥನಿ ಮಾಡ್ತೇನಿ," ಅಂದರು. ಚಾ ಮುಟ್ಟದೆ ಎದ್ದು ಬಂದೆ.

ಭಾಲ್ಕಿಯಿಂದ ಔರಾದ್‌ಗೆ ನೇರ ಬಸ್ಸು ಆ ಹೊತ್ತಿಗೆ ಇರಲಿಲ್ಲ. ಸಂತಪುರದ ಬಸ್ಸಿನಲ್ಲಿ ನಿಂತೇ ಹೋದೆ. ನನ್ನ ಸಿಟ್ಟು ಆ ಬೋಧಕರ ಮೇಲೆ ಮಾತ್ರ ಇತ್ತು ಅಂದರೆ ಸುಳ್ಳಾಗುತ್ತದೆ; ದೇವರ ಮೇಲೂ ಇತ್ತು. ವಾರ ವಾರ ನಮ್ಮಿಂದ ಹಾಡಿಸಿಕೊಳ್ಳುವವನಿಗೆ ಒಂದು ಹುಡುಗಿಯ ತಲೆಯೊಳಗಿನ ಒಂದು ನರ ಸರಿಮಾಡಲು ಬರುವುದಿಲ್ಲವೇ ಎಂದು ಮಾಂಜ್ರಾ ಸೇತುವೆಯ ಮೇಲೆ ಕೇಳಿಯೇಬಿಟ್ಟೆ. ಕೆಳಗೆ ಕಂದು ನೀರು ಹರಿಯುತ್ತಿತ್ತು, ಬಸ್ಸು ದಾಟಿಹೋಯಿತು.

ಸಂತಪುರದಲ್ಲಿ ಮಿರ್ಚಿ ಭಜಿ ಬಿಸಿ ಬಿಸಿ ಸಿಕ್ಕಿತು. ಬೆಂಚಿನ ಮೇಲೆ ಜೊತೆಗೆ ಕೂತಿದ್ದ ಬುರ್ಖಾದ ಮುದುಕಿಗೆ ನನ್ನ ಮುಖ ನೋಡಿ ಏನನ್ನಿಸಿತೋ, ಯಾಕೆ ಪರೇಶಾನ್ ಎಂದು ಕೇಳಿದಳು. ಅಪರಿಚಿತರಿಗೆ ಹೇಳುವುದು ಸುಲಭ, ಎಲ್ಲ ಹೇಳಿದೆ. "ದವಾ ಬೀ ಕರ್ನಾ, ದುವಾ ಬೀ ಕರ್ನಾ, ಬೀಬೀ," ಅಂದಳು. ಔಷಧವನ್ನೂ ಮಾಡಬೇಕು, ಪ್ರಾರ್ಥನೆಯನ್ನೂ ಮಾಡಬೇಕು. ಇಷ್ಟು ಸರಳ ಮಾತು ನನ್ನ ತಂಗಿಯ ತಲೆಗೆ ಹೋಗದ್ದು ನೆನೆದು ಇನ್ನಷ್ಟು ಉರಿಯಿತು. ಔರಾದ್‌ನಿಂದ ಡಾಬಕಾಕ್ಕೆ ಟಂಟಂ ಗಾಡಿ, ತಲೆಗೆ ನಲವತ್ತು ರೂಪಾಯಿ. ಮೂರು ಜನರ ಸೀಟಿನಲ್ಲಿ ಐವರು. ರಸ್ತೆಯ ಬಗ್ಗೆ ಬರೆಯುವುದಿಲ್ಲ. ಬರೆಯಲು ಅಲ್ಲಿ ರಸ್ತೆ ಇರಬೇಕಲ್ಲ.

ಇಳಿಹೊತ್ತಿಗೆ ಮನೆ ಮುಟ್ಟಿದೆ. ಕರುಣಾ ಅಂಗಳದಲ್ಲಿ ತೊಗರಿಬೇಳೆ ಕೇರುತ್ತಿದ್ದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಅರಿಶಿನ ಮೆತ್ತಿದ ಬಟ್ಟೆ. ನಾನು ಚೀಲ ಇಳಿಸುವ ಮೊದಲೇ ಬೈಗುಳ ಶುರುಮಾಡಿದೆ. ಸುವಾರ್ತಾ ತಲೆ ತಗ್ಗಿಸಿ ಕೇಳುತ್ತಿದ್ದಳು. ನಡುವೆ ಮೊರ ಕೆಳಗೆ ಬಿತ್ತು. ಕರುಣಾ ಪಕ್ಕಕ್ಕೆ ಉರುಳಿದ್ದಳು; ಕೈಕಾಲು ಸೆಟೆದು ನಡುಗುತ್ತಿದ್ದವು.

ಸುವಾರ್ತಾ ಮಗಳ ಕಂಕುಳಿಗೆ ಕೈಹಾಕಿ ಒಳಗೆ ಎಳೆದಳು. ಆಮೇಲೆ ಮಾಡಿದ ಕೆಲಸವನ್ನು ನಾನು ಮರೆಯಲಾರೆ. ಬಾಗಿಲು ಹಾಕಿದಳು, ಕಿಟಕಿ ಹಾಕಿದಳು, ಹೊರಗೆ ಸದ್ದು ಕೇಳಬಾರದೆಂದು ಮೊಬೈಲಿನಲ್ಲಿ ಒಂದು ಸ್ತುತಿಗೀತೆ ಜೋರಾಗಿ ಹಚ್ಚಿದಳು. ಅದೆಲ್ಲ ಮುಗಿಸಿ ಬಂದು ಮಗಳ ತಲೆ ಕೆಳಗೆ ಕೈಯಿಟ್ಟಳು. ಅಷ್ಟು ಹೊತ್ತು ಆ ತಲೆ ನೆಲಕ್ಕೆ ಬಡಿಯುತ್ತಿತ್ತು. ಅವಳ ಹಿಂದೆಯೇ ಒಳಗೆ ಬಂದು ದಿಕ್ಕುತೋಚದೆ ನಿಂತಿದ್ದ ನಾನು ಬಗ್ಗುವಷ್ಟರಲ್ಲಿ ಹಣೆ ಕೆಂಪಾಗಿತ್ತು.

ಹುಡುಗಿ ಸುಧಾರಿಸಿಕೊಂಡು ಮಲಗಿದ ಮೇಲೆ ಕೇಳಿದೆ, "ನೀ ತಾಯಿ ಏನ? ಮೊದಲ ಬಾಗಲಾ, ಆಮ್ಯಾಲ ಮಗಳಾ?"

"ಏನ ಮಾಡ್ಲೆ ಅಕ್ಕಾ?" ಅಂದಳು ಸುವಾರ್ತಾ. "ಇಕಿ ಸಾಕ್ಷಿ ಕೇಳಿ ಮ್ಯಾಗಿನ ಓಣಿಯವ್ರು ಸುದ್ದಾ ಪ್ರಾರ್ಥನಿಗೆ ಬರ್ಲಿಕತ್ತಾರ. ಇಷ್ಟ ವರ್ಷ ನಮ್ಮ ಕಡಿ ತಿರುಗಿ ನೋಡ್ದವ್ರಲ್ಲ. ಈಗ ಗುಳಿಗಿ ತಗೊಂಡ್ರ ನಿಮ್ಮ ದೇವರು ಸುಳ್ಳ ಅಂತಾರ. ನನ್ನ ಸಲುವಾಗಿ ಆತನ ಮರ್ಯಾದಿ ಹೋಗಬೇಕೇನ?"

"ಆತನ ಮರ್ಯಾದಿ ಕಾಯಾಕ ನಿನ್ನ ಮಗಳ ತಲಿ ಒಡೀಬೇಕೇನ?" ಅಂದೆ. ಅವಳು ಅತ್ತಳು. ನನಗೆ ಕರುಣೆ ಬರಲಿಲ್ಲ, ಸಿಟ್ಟೇ ಬಂತು. ಅವಳು ಹೆದರಿದ್ದು ದೇವರಿಗಲ್ಲ, ದೇವರಿಗಾಗಿ.

ಮರುದಿನ ಭಾನುವಾರ. ಡಾಬಕಾದ ಪ್ರಾರ್ಥನಾ ಮಂದಿರ ಅಂದರೆ ಒಂದೇ ಖೋಲಿ, ಸುಣ್ಣದ ಗೋಡೆ, ನೆಲಕ್ಕೆ ಜಮಖಾನೆ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಹಾಡು ಮುಗಿದ ಮೇಲೆ ಹಿರಿಯರಾದ ಯೇಸಪ್ಪನವರು ಎಂದಿನಂತೆ, "ಸಾಕ್ಷಿ ಇದ್ದವ್ರು ನಿಲ್ರಿ," ಅಂದರು. ಎಲ್ಲವನ್ನೂ ಬಯಲು ಮಾಡಿಬಿಡಬೇಕೆಂದು ನಾನು ನೆಲಕ್ಕೆ ಕೈಯೂರಿದೆ. ನನ್ನ ಮಂಡಿ ಏಳುವುದರೊಳಗೆ ಕರುಣಾ ಎದ್ದು ನಿಂತಿದ್ದಳು.

"ನಾ ಭಾಲ್ಕ್ಯಾಗ ಗುಣಾಗೀನಿ ಅಂತ ಹೇಳಿದ್ದೆ," ಅಂದಳು. "ಆಗಿಲ್ರಿ. ನಿನ್ನಿನೂ ಬಿದ್ದೆ. ಆ ದಿನ ನಾ ಸುಳ್ಳ ಹೇಳಿಲ್ಲ, ಹಂಗ ಅನಿಸಿತ್ತು. ಬಿದ್ದಾಗ ನನಗ ಏನೂ ತಿಳಿಯಂಗಿಲ್ರಿ, ದೇವರ ಹೆಸರು ಸುದ್ದಾ ನೆನಪಿರಂಗಿಲ್ಲ. ಆತಗ ನನ್ನ ಹೆಸರು ನೆನಪಿರ್ತದ ಅಂತ ನಂಬೀನಿ. ನಾಳಿ ಬೀದರಕ್ಕ ದವಾಖಾನಿಗೆ ಹೋಗ್ತೇನಿ. ಗುಣಾಗಲಿ, ಬಿಡಲಿ, ಬರೋ ಐತವಾರ ಇಲ್ಲೇ ಬಂದು ಕೂಡ್ತೇನಿ. ಇಷ್ಟಾ ನನ್ನ ಸಾಕ್ಷಿ."

ಸಾಕ್ಷಿ ಮುಗಿದರೆ ಸಭೆ ಆಮೆನ್ ಅನ್ನಬೇಕು. ಯಾರೂ ಅನ್ನಲಿಲ್ಲ. ಮೇಲಿನ ಓಣಿಯಿಂದ ಬಂದಿದ್ದ ಇಬ್ಬರು ಹೆಂಗಸರು ಎದ್ದು ಚಪ್ಪಲಿ ಹುಡುಕಿಕೊಂಡು ಹೋದರು. ಯೇಸಪ್ಪನವರು ಕೆಮ್ಮಿ ಮುಂದಿನ ಹಾಡು ಹೇಳಿಸಿದರು. ಸುವಾರ್ತಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡವಳು ಮನೆಗೆ ಹೋಗುವವರೆಗೂ ತೆಗೆಯಲಿಲ್ಲ. ಆ ಕೂಗದ ಆಮೆನ್ನಿಗೆ ನಾನು ಇಂದಿಗೂ ಆ ಸಭೆಯನ್ನು ಕ್ಷಮಿಸಿಲ್ಲ.

ಸೋಮವಾರ ನಾನು, ಕರುಣಾ ಹೊರಟಾಗ ಸುವಾರ್ತಾ ಮನೆಗೆ ಬೀಗ ಹಾಕಿಕೊಂಡು ಹಿಂದೆ ಬಂದಳು. ಔರಾದ್‌ನಲ್ಲಿ ಬೀದರ್ ಬಸ್ಸು ತುಂಬಿತ್ತು. ತಾಯಿ ಮಗಳಿಗೆ ಒಂದೇ ಸೀಟು ಸಿಕ್ಕಿತು, ನನಗೆ ಹಿಂದೆ.

ಸಂತಪುರ ದಾಟಿ ಸ್ವಲ್ಪ ದೂರದಲ್ಲಿ ಮುಂದೆ ಗದ್ದಲವಾಯಿತು. ಕರುಣಾ ಸೀಟಿನಿಂದ ಜಾರಿ ಓಡಾಡುವ ಜಾಗದಲ್ಲಿ ಬಿದ್ದಿದ್ದಳು. ಬಸ್ಸು ನಿಂತಿತು. ಒಬ್ಬ ಕಬ್ಬಿಣದ ಕೀಲಿಕೈ ಕೊಡಿ ಅಂದ, ಇನ್ನೊಬ್ಬ ಉಳ್ಳಾಗಡ್ಡಿ ಮೂಸಿಸಿ ಅಂದ, ಯಾರೋ ದೆವ್ವ ಅಂದರು. ಜನರ ನಡುವೆ ನುಗ್ಗಿ ನಾನು ಮುಂದೆ ಹೋದಾಗ ಸುವಾರ್ತಾ ಕೆಳಗೆ ಕೂತು ಮಗಳನ್ನು ಮಗ್ಗುಲಿಗೆ ಹೊರಳಿಸಿ ಎರಡೂ ಕೈಯಲ್ಲಿ ತಲೆ ಹಿಡಿದಿದ್ದಳು. ಸೆರಗು ಹೆಗಲಿನಿಂದ ಜಾರಿತ್ತು, ಕೊರಳಿನ ಶಿಲುಬೆ ಎಲ್ಲರಿಗೂ ಕಾಣುತ್ತಿತ್ತು.

"ಕ್ರಿಸ್ತಾನರೇನವ್ವಾ?" ಎಂದು ತಲೆಗೆ ಪಟಕ ಸುತ್ತಿದ ಮುದುಕರೊಬ್ಬರು ಬಗ್ಗಿ ಕೇಳಿದರು. "ನಿಮ್ಮವ್ರು ಪ್ರಾರ್ಥನಿ ಮಾಡಿ ಬಿಡಸ್ತಾರಂತಲ್ಲ?"

ನಾನು ಬಾಯಿ ತೆರೆದೆ. ಸುವಾರ್ತಾ ತಲೆಯೆತ್ತಿದಳು, ಬಸ್ಸಿಗೆಲ್ಲ ಕೇಳುವ ಹಾಗೆ ಹೇಳಿದಳು.

"ಹೌದ್ರಿ, ಕ್ರಿಸ್ತಾನ್ರು. ಡಾಬಕಾದವ್ರು. ದಿನಾ ಪ್ರಾರ್ಥನಿ ಮಾಡ್ತೇವಿ. ಮಗಳಿಗೆ ಮೂರ್ಛಿ ಅದ, ದವಾಖಾನಿಗೆ ಹೊಂಟೇವಿ. ಜರಾ ಸರೀರಿ, ಆಕಿಗೆ ಗಾಳಿ ಬರ್ಲಿ."