ಐರಿನ್ ಬಾಯಿಯ ಭೂಗೋಳ

ಯಾರನ್ನು ಪರಿಚಯಿಸಿದರೂ ಐರಿನ್ ಬಾಯಿ ಮೊದಲು ಹೆಸರು ಕೇಳುತ್ತಿರಲಿಲ್ಲ. "ನಿಮ್ಮ ಊರಲ್ಲಿ ಹೊಳೆ ಉಂಟಾ?" ಎನ್ನುತ್ತಿದ್ದರು. ಇಲ್ಲವೆಂದರೆ ಅವರ ಮುಖ ಸಣ್ಣಗಾಗುತ್ತಿತ್ತು.

ಬರ್ ದುಬೈನ ಬಟ್ಟೆ ಅಂಗಡಿಗಳ ಮೇಲಿನ ಮಹಡಿಯಲ್ಲಿದ್ದ ಕಮ್ಯುನಿಟಿ ಕಾಲೇಜಿನಲ್ಲಿ ಶನಿವಾರ ಬೆಳಿಗ್ಗೆ ನಮ್ಮ ಕ್ಲಾಸು. ಅರ್ಧಕ್ಕೆ ಬಿಟ್ಟ ಓದು ಮುಗಿಸಿದರೆ ಆಫೀಸಿನಲ್ಲಿ ಬಡ್ತಿ ಸಿಗಬಹುದೆಂದು ನಾನು ಸೇರಿದ್ದೆ. ಸೀಟು ಉಳಿದಿದ್ದದ್ದು ಭೂಗೋಳಕ್ಕೆ ಮಾತ್ರ. ಐರಿನ್ ಬಾಯಿ ಭೂಗೋಳವೇ ಬೇಕೆಂದು ಬಂದವರು. ಉಡುಪಿ ಕಡೆಯವರು, ನಿವೃತ್ತಿಗೆ ಹತ್ತಿರವಾಗಿದ್ದರು. ಆಸ್ಪತ್ರೆಯೊಂದರ ಶವಾಗಾರದಲ್ಲಿ ಕೆಲಸ. ತೀರಿಕೊಂಡವರ ಮುಖ ಒರೆಸಿ, ತಲೆ ಬಾಚಿ, ಊರಿಗೆ ಹೋಗುವ ಪೆಟ್ಟಿಗೆಗೆ ಸಿದ್ಧಮಾಡುವುದು.

ಈ ವಿಷಯವೇ ಏಕೆಂದು ಮೇಷ್ಟ್ರು ಕೇಳಿದಾಗ ಅವರು ಎದ್ದು ನಿಂತು ಹೇಳಿದ್ದರು: "ಪೆಟ್ಟಿಗೆ ಮೇಲೆ ಊರಿನ ಹೆಸರು ಇರ್ತದೆ ಸರ್. ಸಿಲ್ಹೆಟ್, ಪೋಖರಾ, ಮುಲ್ತಾನ್. ಅದೆಲ್ಲ ಎಲ್ಲಿ ಉಂಟು ಅಂತ ನಂಗೆ ಗೊತ್ತಿಲ್ಲ. ಗೊತ್ತಿಲ್ಲದ ಕಡೆಗೆ ಮನುಷ್ಯನನ್ನು ಕಳಿಸುದು ಹೇಗೆ?"

ಓದಿನಲ್ಲಿ ಮಾತ್ರ ಹಿಂದೆ. ನಕ್ಷೆಯಲ್ಲಿ ಎತ್ತರ ತೋರಿಸುವ ಗೆರೆಗಳು ಅವರ ತಲೆಗೆ ಹತ್ತಲೇ ಇಲ್ಲ. "ಗುಡ್ಡ ಅಂದ್ರೆ ಗುಡ್ಡ, ಖಲಾಸ್. ಅದಕ್ಕೆ ಇಷ್ಟು ಗೆರೆ ಎಂತಕ್ಕೆ ಮಾರಾಯ್ತಿ?" ಎಂದು ನನ್ನ ಕಡೆ ಬಾಗಿ ಗೊಣಗುತ್ತಿದ್ದರು. ಆ ಪೇಪರಿನಲ್ಲಿ ಫೇಲಾದರು. ಮತ್ತೆ ಕಟ್ಟಿದರು, ಮತ್ತೆ ಫೇಲಾದರು.

ಆ ಬೇಸಿಗೆಯಲ್ಲಿ ಕರಾಮದ ಫ್ಲ್ಯಾಟಿನಲ್ಲಿ ನನ್ನ ಜೊತೆಗಿದ್ದ ತಮ್ಮ ಎದೆನೋವೆಂದು ಕುಸಿದವನು ಮತ್ತೆ ಏಳಲಿಲ್ಲ. ಅವನನ್ನು ಇಟ್ಟದ್ದು ಐರಿನ್ ಬಾಯಿಯ ಶವಾಗಾರದಲ್ಲೇ. ಅವರು ನನ್ನನ್ನು ತಬ್ಬಿಕೊಳ್ಳಲಿಲ್ಲ. "ಊರು ಯಾವುದು ಇವನದ್ದು?" ಎಂದರು.

"ಬೆಂಗಳೂರು."

"ವಿಮಾನ ಇಳಿಯುವ ಊರಲ್ಲ. ಇವ ಆಡಿದ ಊರು."

"ನಂಜನಗೂಡು."

"ಹೊಳೆ?"

"ಕಪಿಲೆ ಇದೆ. ಮುಂದೆ ಹೋಗಿ ಕಾವೇರಿಗೆ ಸೇರುತ್ತೆ."

ಅವರು ತಮ್ಮನ ಕಿವಿಯ ಹತ್ತಿರ ಬಾಗಿ, ಬಸ್ಸು ಹತ್ತಿಸುವವರ ಹಾಗೆ ಹೇಳಿದರು: "ನಂಜನಗೂಡಿಗೆ ಹೋಗುದು ನೀನು, ಆಯ್ತಾ ಮಗ? ಕಪಿಲೆ ಹೊಳೆ ಹತ್ರ."

ನನಗೆ ಏನೂ ಅನ್ನಿಸಲಿಲ್ಲ. ಅಲ್ಲಿ ಬಹಳ ಚಳಿಯಿತ್ತು. ಅವನ ತಲೆಯನ್ನು ಎಡಕ್ಕೆ ಬಾಚಿದ್ದಾರೆ, ಅವನು ಬಲಕ್ಕೆ ಬಾಚುತ್ತಿದ್ದ ಎಂದುಕೊಂಡೆ. ಊರಿಗೆ ಹೋಗಿ ಬಂದೆ, ಕೆಲಸಕ್ಕೆ ಹೋದೆ, ಕ್ಲಾಸಿಗೂ ಹೋದೆ.

ಐರಿನ್ ಬಾಯಿ ನಿವೃತ್ತರಾಗಿ ವೀಸಾ ರದ್ದಾಗುವ ವಾರ ಕರಾಮದ ಹೋಟೆಲೊಂದರಲ್ಲಿ ಒಟ್ಟಿಗೆ ಮೀನೂಟ ಮಾಡಿದೆವು. ಬಂಗುಡೆಯ ಮುಳ್ಳು ಬಿಡಿಸುತ್ತಾ ಕೇಳಿದರು: "ನೀನು ಅತ್ತದ್ದುಂಟಾ?"

"ಇಲ್ಲ ಬಾಯಿ."

"ನಾನೂ ಇಲ್ಲ. ಇಷ್ಟು ಜನರನ್ನು ಕಳಿಸಿದೆ, ಒಂದು ಹನಿ ಬರ್ಲಿಲ್ಲ. ಊರಿಗೆ ಹೋದ್ಮೇಲೆ ಎಲ್ಲ ಒಟ್ಟಿಗೆ ಬರ್ತದೋ ಅಂತ ಹೆದರಿಕೆ ಆಗ್ತದೆ."

ಕೈ ತೊಳೆದು, ಹೊರಗೆ ಬಂದು ಟ್ಯಾಕ್ಸಿ ಹತ್ತಿದರು. ಹಿಂದಿರುಗಿ ನೋಡಲಿಲ್ಲ.

ಊರಲ್ಲಿ ಮಳೆಗಾಲ ಶುರುವಾದ ಮೇಲೆ ಒಂದು ಸಂಜೆ ಅವರ ಫೋನು ಬಂತು. ನಾನು ಬಸ್‌ಸ್ಟಾಪಿನಲ್ಲಿದ್ದೆ. ಅವರು ಹಲೋ ಅನ್ನಲಿಲ್ಲ. "ಬಂತು ಮಾರಾಯ್ತಿ" ಎಂದರು, ಅಷ್ಟೇ. ಆಮೇಲೆ ಅಳು. ಅದು ನಿಲ್ಲಲಿಲ್ಲ, ಅವರು ಫೋನೂ ಇಡಲಿಲ್ಲ. ನನ್ನ ಬಸ್ಸು ಬಂದು ಬಾಗಿಲು ತೆರೆಯಿತು. ನಾನು ಹತ್ತಲಿಲ್ಲ, ಒಣಗಿದ ಕಣ್ಣಿನಲ್ಲಿ, ಫೋನನ್ನು ಕಿವಿಗೊತ್ತಿಕೊಂಡು ಕೇಳುತ್ತಾ ನಿಂತಿದ್ದೆ.