ರೆಕ್ಕೆ ಹೊಲಿದವರು ಮೊದಲು ಹಾರಬೇಕು

ಕಳೆದ ಭಾನುವಾರ ಮಗಳು ಹಾಲ್‌ನಲ್ಲಿ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಕಿಟಕಿ ತೆಗಿ ಎಂದು ಗದರಿದೆ. ಅವಳು ತಲೆ ಎತ್ತದೆ "ಚಿಲ್, ಅಮ್ಮಾ" ಅಂದಳು. ಅಷ್ಟರಲ್ಲಿ ನನ್ನ ಅಂಗೈ ಬೆವೆತುಹೋಗಿತ್ತು. ಆ ವಾಸನೆ ಮೂಗಿಗೆ ಬಿದ್ದರೆ ಈಗಲೂ ನನಗೆ ಹಾಗೇ ಆಗುತ್ತದೆ. ಪೆನ್‌ರೋಸ್‌ನ ಆ ಗೋಡೌನು, ಅಲ್ಲಿ ಅಡ್ಡಲಾಗಿ ಎತ್ತಿ ನಿಲ್ಲಿಸಿದ್ದ ರೆಕ್ಕೆ, ಅದರಾಚೆ ಕೆಮ್ಮುತ್ತಿದ್ದ ಅಂಕಲ್...

ನ್ಯೂಜಿಲೆಂಡಿನ ಮೌಂಟ್ ರಾಸ್ಕಿಲ್‌ನಲ್ಲಿ ನಾವು ಬಾಡಿಗೆಗಿದ್ದಾಗ ಅವರು ಪಕ್ಕದ ಮನೆಯವರು. ಪೋಲೆಂಡಿನವರು, ಎಂಬತ್ತರ ಹತ್ತಿರದ ವಯಸ್ಸು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅವರ ದೇಶದಲ್ಲಿ ಹುಡುಗರಿಗೆ ಹಾರಾಟ ಕಲಿಸಲೆಂದು ಎರಡು ಸೀಟಿನ ಪುಟ್ಟ ವಿಮಾನ ಕಟ್ಟಿದ್ದರಂತೆ. ಕಲಿಯುವುದಕ್ಕೂ ಅದೇ, ಆಕಾಶದಲ್ಲಿ ಲಾಗ ಹಾಕುವುದಕ್ಕೂ ಅದೇ. ಅಂಕಲ್ ಹಾರಲು ಕಲಿತದ್ದು ಅಂಥದ್ದರಲ್ಲಿ. ಹಾಳುಬಿದ್ದ ಒಂದನ್ನು ಎಲ್ಲಿಂದಲೋ ಹಡಗಿನಲ್ಲಿ ತರಿಸಿಕೊಂಡು ಆ ಗೋಡೌನಿನಲ್ಲಿ ರಿಪೇರಿಗೆ ಕೂತಿದ್ದರು. ಅದರ ಹೆಸರಿಗೆ ನನ್ನ ನಾಲಿಗೆ ಕೊನೆಯವರೆಗೂ ತಿರುಗಲಿಲ್ಲ.

ಅದರ ರೆಕ್ಕೆ ಮರದ್ದು, ಮೇಲೆ ಬಟ್ಟೆಯ ಹೊದಿಕೆ. ಬಟ್ಟೆ ಬಿಗಿಯಾಗಲೆಂದು ಬಳಿಯುವ ದ್ರವಕ್ಕೇ ಈ ಉಗುರುಬಣ್ಣದ ವಾಸನೆ ಇದ್ದದ್ದು. ಅದನ್ನು ಒಂದು ಕೈ ಬಳಿದ ಮೇಲೆ ಬಟ್ಟೆಯನ್ನು ಒಳಗಿನ ಮರದ ಪಟ್ಟಿಗಳಿಗೆ ಮೇಣದ ದಾರದಲ್ಲಿ ಹೊಲಿಯಬೇಕು. ಅದಕ್ಕೆ ಇಬ್ಬರು ಬೇಕು. ಒಂದು ರೆಕ್ಕೆಯನ್ನು ಅಂಕಲ್ ಮತ್ತು ಅವರ ಹೆಂಡತಿ ಸೇರಿ ಹೊಲಿದು ಮುಗಿಸಿದ್ದರು. ಎರಡನೆಯದು ಶುರುವಾಗುವ ಮೊದಲೇ ಆಕೆ ತೀರಿಕೊಂಡರು.

ಒಂದು ದಿನ ನಾನು ಮೆಟ್ಟಿಲ ಮೇಲೆ ಕೂತು ದೀಪಾವಳಿಗೆಂದು ಸೀರೆಗೆ ಫಾಲ್ಸ್ ಹಚ್ಚುತ್ತಿದ್ದೆ. ಅಂಕಲ್ ಬೇಲಿಯಾಚೆ ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು. ಸಂಜೆ ಹೊತ್ತು ಬಿಡುವಿದ್ದರೆ ರೆಕ್ಕೆಯ ಆಚೆ ಬದಿಗೆ ನಿಲ್ಲುತ್ತೀಯಾ ಎಂದು ಕೇಳಿದರು. ಒಪ್ಪಿಕೊಂಡೆ.

ಗೇಣುದ್ದದ ಸೂಜಿ. ಅವರು ಆ ಕಡೆಯಿಂದ ಚುಚ್ಚುತ್ತಿದ್ದರು, ನಾನು ಈ ಕಡೆ ಎಳೆದು ಗಂಟು ಬಿಗಿದು ತಿರುಗಿ ಚುಚ್ಚುತ್ತಿದ್ದೆ. ಬಟ್ಟೆ ಅಡ್ಡ ಇರುವುದರಿಂದ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಗಂಟು ಬಿದ್ದ ಮೇಲೆ ಮರವನ್ನು ಕುಟ್ಟಿ ತಿಳಿಸಬೇಕು. ನಾನೋ ಹುಟ್ಟಾ ಪುಕ್ಕಲಿ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ವಾಪಸ್ ಓಡಿ ಬರುವವಳು. ಸೀರೆಯ ಫಾಲ್ಸ್ ಬಿಚ್ಚಿದರೆ ಪಿನ್ನು ಚುಚ್ಚಿ ಸುಧಾರಿಸಬಹುದು. ಇದು ಬಿಚ್ಚಿದರೆ? ಕುಟ್ಟುವ ಮೊದಲು ಪ್ರತಿ ಗಂಟನ್ನೂ ಮತ್ತೆ ಮತ್ತೆ ಎಳೆದು ನೋಡುತ್ತಿದ್ದೆ. ಅಂಕಲ್ ಎಂದೂ ಅವಸರ ಮಾಡಲಿಲ್ಲ.

ಮೊದಲ ದಿನವೇ ಅವರು ತಾವು ಹಾರಲು ಕಲಿತ ಕ್ಲಬ್ಬಿನ ಪದ್ಧತಿ ಹೇಳಿದ್ದರು. ಪೈಲಟ್ ಒಬ್ಬನೇ ಹಾರಿಸಿ ಪರೀಕ್ಷೆ ಮಾಡಿದ ಮೇಲೆ, ಎರಡನೆಯ ಸೀಟಿನಲ್ಲಿ ಮೊದಲು ಕೂರಬೇಕಾದವರು ರೆಕ್ಕೆ ಹೊಲಿದವರು. ಕೂರುತ್ತೀಯಲ್ಲ ಎಂದರು. "ನೋಡೋಣ ಅಂಕಲ್" ಅಂದೆ. ನಮ್ಮ ಮೈಸೂರಿನ ಕಡೆ ದೊಡ್ಡವರ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನುವುದಿಲ್ಲ. ನೋಡೋಣ ಎಂದರೆ ಮುಗಿಯಿತು, ಯಾರೂ ಮತ್ತೆ ಕೇಳುವುದಿಲ್ಲ. ಅಂಕಲ್ ಮೈಸೂರಿನವರಲ್ಲ. ಅವರು ಅದನ್ನು ಒಪ್ಪಿಗೆ ಎಂದುಕೊಂಡು ಬಿಟ್ಟಿದ್ದರು.

ರೆಕ್ಕೆ ಜೋಡಿಸಿದ್ದಾಯಿತು, ಪೈಲಟ್‌ನ ಪರೀಕ್ಷೆಗಳೆಲ್ಲ ಮುಗಿದವು. ಬರುವ ಶನಿವಾರ ನಿನ್ನ ಸರದಿ ಎಂದು ಅವರು ಖುಷಿಯಿಂದ ಹೇಳಿಹೋದರು. ಊಟಕ್ಕೆ ಕೂತಾಗ ವಿಷಯ ತೆಗೆದೆ, ನನ್ನ ಗಂಡ ತಟ್ಟೆ ಬಿಟ್ಟು ಎದ್ದರು.

"ಹುಚ್ಚು ಹಿಡಿದಿದ್ಯಾ ನಿಂಗೆ? ಸಣ್ಣ ಮಗು ಇದೆ ಮನೇಲಿ. ಸಾರಿ ಅಂತ ಹೇಳ್ಬಿಡು, ಅದ್ರಲ್ಲೇನಿದೆ?"

ಹೇಳಲೆಂದೇ ಹೋದೆ. ಅಂಕಲ್ ಪೂರ್ತಿ ಕೇಳಿಸಿಕೊಂಡರು. ಸಿಟ್ಟಾಗಲಿಲ್ಲ. ಅವರ ಜೊತೆ ಕಲಿಯುತ್ತಿದ್ದ ಗೆಳೆಯನೊಬ್ಬ ರೆಕ್ಕೆಯ ಬಟ್ಟೆ ಕಿತ್ತುಬಂದು ಬಿದ್ದು ಸತ್ತನಂತೆ. ಹೊಲಿದವರಿಗೆ ಒಂದು ಗಂಟಿನ ಮೇಲೆ ಅನುಮಾನ ಇತ್ತಂತೆ, ಆದರೆ ಅವರನ್ನು ಯಾರೂ ಕೇಳಿರಲಿಲ್ಲ. ಪದ್ಧತಿ ಬಂದದ್ದು ಆಮೇಲೆ.

"ಹೆಂಡತಿ ಇಲ್ಲ. ಈ ಹೃದಯ ಇಟ್ಕೊಂಡು ಮೇಲೆ ಹೋಗೋ ಹಾಗಿಲ್ಲ ಅಂತಾರೆ ಡಾಕ್ಟರು. ಉಳಿದೋಳು ನೀನೊಬ್ಬಳೇ. ನೀನು ಕೂರಲ್ಲ ಅಂದ್ರೆ ತಪ್ಪಿಲ್ಲಮ್ಮ. ಆದ್ರೆ ಎಲ್ಲೋ ಒಂದು ಗಂಟನ್ನ ನೀನು ನಂಬ್ತಿಲ್ಲ ಅಂತ ನಾನು ತಿಳ್ಕೋಬೇಕು. ರೆಕ್ಕೆ ಪೂರ್ತಿ ಬಿಚ್ಚಿಬಿಡ್ತೀನಿ."

ಇಷ್ಟನ್ನು ಮೆಲ್ಲಗೆ, ಒಡೆದ ಇಂಗ್ಲಿಷಿನಲ್ಲಿ ಹೇಳಿ, ಟೀ ಮಾಡಲೇ ಎಂದು ಕೇಳಿದರು. ಬಿಚ್ಚಿದರೆ ಮತ್ತೆ ಹೊಲಿಯುವಷ್ಟು ಆಯುಸ್ಸು ಅವರಿಗಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಮನೆಗೆ ಬಂದು ಕಣ್ಣು ಮುಚ್ಚಿ ನನ್ನ ಗಂಟುಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡೆ. ಅನುಮಾನದ ಗಂಟು ಒಂದೂ ಸಿಗಲಿಲ್ಲ. ಆದರೂ ಹೆದರಿಕೆ ಮಾತ್ರ ಹೋಗಲಿಲ್ಲ.

ಶನಿವಾರ ಊರಾಚೆಯ ಹುಲ್ಲು ಮೈದಾನದಲ್ಲಿ ಪೈಲಟ್, ಅಲ್ಲಿಯವನೇ ಒಬ್ಬ ಮುದುಕ, ನನ್ನನ್ನು ಬೆಲ್ಟಿನಲ್ಲಿ ಬಿಗಿದು ಕೂರಿಸಿದರು. ಗಂಡ ಮಗುವನ್ನು ಎತ್ತಿಕೊಂಡು ದೂರ ನಿಂತಿದ್ದರು. ಮೇಲೇರುವವರೆಗೂ ರೆಕ್ಕೆಯನ್ನೇ ದಿಟ್ಟಿಸುತ್ತಿದ್ದೆ. ಬಟ್ಟೆ ಸಣ್ಣಗೆ ಅದುರುತ್ತಿತ್ತು. ಲಾಗ ಹಾಕುತ್ತೇವೆ ಎಂದು ಪೈಲಟ್ ಕೂಗಿದ್ದೇ ತಡ, ಕಣ್ಣು ಮುಚ್ಚಿ ಚಾಮುಂಡಿ ತಾಯಿಗೆ ಏನೇನೋ ಹರಕೆ ಹೊತ್ತೆ. ಅದರಲ್ಲಿ ಕೆಲವು ಇನ್ನೂ ತೀರಿಸಿಲ್ಲ.

ಇಳಿದಾಗ ಅಂಕಲ್ ನನ್ನ ಹತ್ತಿರ ಬರಲಿಲ್ಲ. ಸೀದಾ ರೆಕ್ಕೆಯ ಅಡಿಗೆ ಹೋಗಿ ಹೊಲಿಗೆಯ ಸಾಲುಗಳನ್ನೆಲ್ಲ ಸವರಿ ಬಂದರು. ಆಮೇಲೆ, ತಲೆಕೆಳಗಾದಾಗ ಭೂಮಿ ಹೇಗೆ ಕಾಣಿಸಿತು ಎಂದು ಕೇಳಿದರು. ಪಾಪ, ಎಷ್ಟು ವರ್ಷದಿಂದ ಅದನ್ನು ನೋಡಿರಲಿಲ್ಲವೋ...

"ನಾನು ಕಣ್ಣೇ ಬಿಡ್ಲಿಲ್ಲ ಅಂಕಲ್" ಅಂದೆ.

ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೊದಲ ಸಲ ತಾವೂ ಬಿಟ್ಟಿರಲಿಲ್ಲವಂತೆ.

ಮುಂದಿನ ಚಳಿಗಾಲಕ್ಕೆ ಅಂಕಲ್ ಹೋದರು. ವಿಮಾನ ಆಸ್ಟ್ರೇಲಿಯಾದ ಯಾರಿಗೋ ಮಾರಾಟವಾಯಿತು. ಪೆಟ್ಟಿಗೆಗೆ ತುಂಬುವ ದಿನ ನಾನೂ ಹೋಗಿದ್ದೆ, ಕೊಂಡವರ ನಂಬರು ಫೋನಿನಲ್ಲಿ ಹಾಗೇ ಉಳಿದಿತ್ತು. ಆ ಭಾನುವಾರ ಸಂಜೆ ಧೈರ್ಯ ತಂದುಕೊಂಡು ಫೋನು ಮಾಡಿದೆ. ಒಳ್ಳೆಯ ಮನುಷ್ಯ, ನೆನಪಿಟ್ಟುಕೊಂಡಿದ್ದರು. ವಿಮಾನ ಚೆನ್ನಾಗಿದೆ, ಬಟ್ಟೆ ಹಳತಾಗಿತ್ತು, ಕತ್ತರಿಸಿ ತೆಗೆದು ಹೊಸ ಬಟ್ಟೆ ಹಾಕಿಸಿದ್ದೇವೆ ಎಂದರು. ಅಂದರೆ ಎರಡೂ ರೆಕ್ಕೆಯ ಹೊಲಿಗೆ ಹೋಯಿತು, ಅಂಕಲ್ ಹೆಂಡತಿಯದೂ ನನ್ನದೂ. ಈಗ ಹೊಲಿಗೆಯೇ ಬೇಡವಂತೆ, ಅಂಟಿನಲ್ಲೇ ಗಟ್ಟಿಯಾಗಿ ಕೂರುತ್ತದಂತೆ. ಒಬ್ಬರೇ ಮಾಡಿ ಮುಗಿಸಬಹುದಂತೆ.

ಬಟ್ಟೆ ಹಾಕಿದವರು ಅದರಲ್ಲಿ ಕೂತು ಹಾರಿದರಾ ಎಂದು ಕೇಳಿದೆ. ಅವರು ಯಾಕೆ ಹಾರಬೇಕು ಎಂದು ತುಂಬ ವಿನಯದಿಂದ ವಿಚಾರಿಸಿದರು. ಅಂಕಲ್ ಸತ್ತ ದಿನ ಬಾರದ ಅಳು ಆಗ ಒತ್ತರಿಸಿಕೊಂಡು ಬಂತು.