ಬಾಗಿಲಾಚೆ ನಿಂತ ಚಿಕ್ಕಸಿದ್ದಯ್ಯನವರು

ವಿಜ್ಞಾನದ ಪ್ರಬಂಧಗಳಲ್ಲಿ ಪ್ರಾಧ್ಯಾಪಕರ ಹೆಸರುಗಳು ಬಿರುದುಬಾವಲಿಗಳ ಸಮೇತ ಮೆರೆಯುತ್ತವೆ. ಗಾಜಿನ ಎಳೆಯನ್ನು ಮುರಿಯದಂತೆ ಹಿಡಿದುಕೊಟ್ಟ ಕೈಯ ಹೆಸರು ಮಾತ್ರ ಭೂತಗನ್ನಡಿ ಹಿಡಿದರೂ ಸಿಗದು. ಕೊಳ್ಳೇಗಾಲದ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಅಟೆಂಡರಾಗಿ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀ ಚಿಕ್ಕಸಿದ್ದಯ್ಯನವರದು ಅಂಥ ಕೈ.

ಸೇವೆಗೆ ಸೇರುವ ಮುನ್ನ ಅವರು ರೇಷ್ಮೆ ನೂಲು ತೆಗೆಯುತ್ತಿದ್ದವರು. ಬಿಸಿನೀರಲ್ಲಿ ತೇಲುವ ಗೂಡಿನಿಂದ ಎಳೆ ಹುಡುಕುತ್ತಿದ್ದ ಬೆರಳುಗಳಿಗೆ, ಯಳಂದೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಉಪನ್ಯಾಸಕಿ ಯಶೋದ ಅವರ ಆಪ್ಟಿಕಲ್ ಫೈಬರ್ ಯಾವ ಲೆಕ್ಕ! ಒಂದೇ ಬೆಳಕನ್ನು ಎರಡು ಗಾಜಿನ ಎಳೆಗಳಲ್ಲಿ ಹರಿಸಿ ಮತ್ತೆ ಕೂಡಿಸಿದರೆ ಪರದೆಯ ಮೇಲೆ ಬೆಳಕು-ಕತ್ತಲಿನ ಪಟ್ಟೆಗಳು ಮೂಡುತ್ತವೆ. ಒಂದು ಎಳೆಯನ್ನು ದೂರದ ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟರೆ, ಉಕ್ಕಿನ ಪಟ್ಟಿಗೆ ಅಂಟಿಸಿದ ಇನ್ನೊಂದು ಎಳೆ ಕೂದಲಷ್ಟು ಬಾಗಿದರೂ ಪಟ್ಟೆಗಳು ಸರಿಯುತ್ತವೆ. ಆ ಸರಿದಾಟದಿಂದ ಬಾಗನ್ನು ಅಳೆಯುವುದೇ ಯಶೋದ ಅವರ ಪಿಎಚ್‌ಡಿಯ ವಿಷಯವಾಗಿತ್ತು.

ಆದರೆ ಪಟ್ಟಿಯನ್ನು ಯಾರೂ ಮುಟ್ಟದಿದ್ದರೂ ಪಟ್ಟೆಗಳು ತೆವಳುತ್ತಿದ್ದವು. ಮೈಸೂರಿನಿಂದ ಎರವಲು ತಂದ ಲೇಸರನ್ನು ಶನಿವಾರ ಹಿಂದಿರುಗಿಸಬೇಕಿತ್ತು. ಮೂರು ವರ್ಷದ ದುಡಿಮೆ ನೀರಿನಲ್ಲಿ ಹೋಮವಾಗುವಂತಿತ್ತು. ಹುಡುಗರ ಮೊಣಕೈ ತಗುಲೀತೆಂದು ಚಿಕ್ಕಸಿದ್ದಯ್ಯನವರು ಎಳೆಯ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು, ತೋಳು ಅಡ್ಡವಿಟ್ಟು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು.

ಬುಧವಾರ ಅವರು ಟೀ ತರಲು ಹೋಗಿ ಬಂದಾಗ ಯಶೋದ, "ಈಗ ಹತ್ತು ನಿಮಿಷ ಅಲುಗಾಡಲೇ ಇಲ್ಲ, ಸಿದ್ದಯ್ಯನೋರೇ!" ಎಂದರು. ಚಿಕ್ಕಸಿದ್ದಯ್ಯನವರು ಲೋಟ ಕೆಳಗಿಟ್ಟು ಆಚೆ ಹೋದರು, ಒಳಗೆ ಬಂದು ಎಳೆಯ ಪಕ್ಕ ಕೂತು ಪಟ್ಟೆಗಳನ್ನು ನೋಡಿದರು, ಮತ್ತೆ ಹೋದರು. ಮೂರನೆಯ ಸಲ ಬಂದಾಗ ಮುಖ ಬಾಡಿತ್ತು.

"ನನ್ ಮೈಕಾವು ಕಣವ್ವಾ. ಬೇಲಿನೇ ಎದ್ದು ಒಲ ಮೇಯ್ದಂಗಾಯ್ತಲ್ಲ!"

ಹೌದು, ಆ ಎಳೆಗೆ ಬಾಗೂ ಒಂದೇ, ಬಿಸಿಯೂ ಒಂದೇ. ಯಶೋದ ತಾವೂ ಕೋಣೆಯ ಮೂಲೆಗೆ ಸರಿದು ಮೂರು ದಿನ ಅಳತೆ ತೆಗೆದರು. ಮೂರೂ ದಿನ ಚಿಕ್ಕಸಿದ್ದಯ್ಯನವರು ಬಾಗಿಲಾಚೆ ನಿಂತು, "ಒಳೀಕೆ ಓಗ್ಬ್ಯಾಡ್ರಲಾ, ಅಲ್ಲಿ ಉಸುರ್ ಬುಟ್ರೂ ಲೆಕ್ಕಕ್ಕೆ ಬತ್ತದೆ" ಎಂದು ಹುಡುಗರನ್ನು ಗದರುತ್ತಿದ್ದರು. ಪದವಿ ಬಂತು, ಸಿಹಿ ಹಂಚಿದ್ದೂ ಆಯಿತು. ಮುಂದೆ ಕಾಲೇಜಿಗೇ ಸ್ವಂತ ಲೇಸರ್ ಬಂದರೂ ಚಿಕ್ಕಸಿದ್ದಯ್ಯನವರು ಮಾತ್ರ ಅದು ಉರಿಯುವಾಗ ಆ ಕೋಣೆಗೆ ಕಾಲಿಡಲಿಲ್ಲ. ಎಷ್ಟು ಕರೆದರೂ "ನಾ ಇಲ್ಲೇ ಚೆಂದಾಗಿವ್ನಿ" ಎನ್ನುತ್ತಿದ್ದರು. ಯಶೋದ ಅವರಿಗೆ ಅದು ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಚಿಕ್ಕಸಿದ್ದಯ್ಯನವರು ನಿವೃತ್ತರಾಗುವುದರೊಳಗೆ ಇದನ್ನು ಸರಿಪಡಿಸಲೇಬೇಕೆಂದು ಹಟ ತೊಟ್ಟರು.

ಕಳೆದ ವಾರ, ದೂರದ ಪೆಟ್ಟಿಗೆಯಲ್ಲಿದ್ದ ಎರಡನೆಯ ಎಳೆಯನ್ನು ತಂದು, ಅಂಟಿಸದೆ, ಮೊದಲನೆಯದರ ಮಗ್ಗುಲಲ್ಲೇ ಹಾಸಿದರು. ಬಿಸಿ ತಗುಲಿದರೆ ಎರಡಕ್ಕೂ ಸಮನಾಗಿ ತಗುಲಿ ಕಳೆದುಹೋಗುತ್ತದೆ. ಉಳಿಯುವುದು ಬಾಗಿನ ಗುರುತು ಮಾತ್ರ.

"ಈಗ ಒಳಗೆ ಬನ್ನಿ ಅಣ್ಣಾ."

"ಬ್ಯಾಡ ಕಣವ್ವಾ, ಕೆಟ್ಟೋಯ್ತದೆ."

ಯಶೋದ ಕೈಹಿಡಿದೇ ಕರೆತಂದು ಹಳೆಯ ಸ್ಟೂಲಿನ ಮೇಲೆ ಕೂರಿಸಿದರು. ಚಿಕ್ಕಸಿದ್ದಯ್ಯನವರು ಅಂಜುತ್ತಂಜುತ್ತ ಮೊದಲಿನಂತೆಯೇ ತೋಳು ಅಡ್ಡವಿಟ್ಟರು. ಐದು ನಿಮಿಷ, ಹತ್ತು ನಿಮಿಷ. ಪಟ್ಟೆಗಳು ಕದಲಲಿಲ್ಲ. ಅವರು ಹೆಗಲ ಟವೆಲಿನಿಂದ ಕಣ್ಣೊರೆಸಿಕೊಂಡರು.

ಚಿಕ್ಕಸಿದ್ದಯ್ಯನವರು ನೂರ್ಕಾಲ ಸುಖವಾಗಿ ಬಾಳಲಿ, ಅವರ ಬೆರಳುಗಳು ಇನ್ನೂ ಹಲವು ಎಳೆಗಳನ್ನು ಕೂಡಿಸಲಿ. ಆ ಸ್ಟೂಲನ್ನು ಯಶೋದ ಬೇರೆ ಯಾರಿಗೂ ಕೊಟ್ಟಿಲ್ಲ.